ಹೈಫಾದಿಂದ ಮೂರು ನಿಮಿಷ

"ಶನಿವಾರ ಆ ಮಂದಿ ಫೋನ್ ಮುಟ್ಟಂಗಿಲ್ಲ ಅಂತ ನೀವ ಹೇಳಿದ್ರಿ. ಮತ್ತ ನಿಮ್ಮ ಮನಿಯವ್ರು ಆನ್‌ಲೈನ್ ಅದಾರಲ್ರೀ?"

ಮುರಿಗೆಪ್ಪ ಗಲ್ಲಾದ ಮೇಲಿದ್ದ ಫೋನಿನತ್ತ ಕತ್ತು ಚಾಚಿದ್ದ. ಪಕ್ಕದ ಬ್ಯಾಂಕಿನ ವಾಚ್‌ಮನ್. ಎರಡು ಇಡ್ಲಿಗೆ ಮೂರು ಸಲ ಸಾಂಬಾರ್ ಹಾಕಿಸಿಕೊಳ್ಳುತ್ತ, ಮುಂಬಯಿ ಫೋರ್ಟಿನ ಸುದ್ದಿಯನ್ನೆಲ್ಲ ಇದೇ ಹೋಟೆಲಿಗೆ ತಂದು ಸುರಿಯುವವ. ಗಲ್ಲಾದಲ್ಲಿ ಕೂತ ಸುಹಾಸ ಫೋನನ್ನು ಮಗುಚಿಟ್ಟ.

"ಯುದ್ಧ ಅಲ್ವಾ ಮಾರಾಯ್ರೆ. ಈಗ ರೂಲ್ಸ್ ಎಲ್ಲ ಬೇರೆ."

"ಖರೇ ಬಿಡ್ರಿ. ಯುದ್ಧದಾಗ ಯಾರು ಯಾರ ರೂಲ್ಸ್ ಕೇಳ್ತಾರ?"

ಮುರಿಗೆಪ್ಪ ಕೈ ತೊಳೆಯಲು ಎದ್ದುಹೋದ. ಮಾತು ಮಾತ್ರ ಅಲ್ಲೇ ಕೂತಿತು.

ವಿನೋದಿನಿ ಸಯಾನ್‌ನ ನರ್ಸಿಂಗ್ ಹೋಮಿನಲ್ಲಿ ಕೆಲಸಕ್ಕಿದ್ದಾಗ ಸುಹಾಸ ಎದುರಿನ ಪಾನ್ ಅಂಗಡಿಯಲ್ಲಿ ನಿಂತು, ಹೆಂಡತಿ ಯಾರ ಜೊತೆ ಹೊರಗೆ ಬರುತ್ತಾಳೆ ಎಂದು ನೋಡುತ್ತಿದ್ದ. ಆ ಗೇಟಿನಿಂದ ಆಂಟಾಪ್ ಹಿಲ್‌ನ ಮನೆಗೆ ಇಪ್ಪತ್ತೆರಡು ನಿಮಿಷ. ಇಪ್ಪತ್ತೈದಾದರೆ ಚಪ್ಪಲಿ ಬಿಡುವ ಮೊದಲೇ ವಿಚಾರಣೆ. ಇಸ್ರೇಲಿನ ಕೆಲಸಕ್ಕೆ ಅವನು ಒಪ್ಪಿದ್ದು ಒಂದೇ ಕಾರಣಕ್ಕೆ. ಹೈಫಾದಲ್ಲಿ ಅವಳು ನೋಡಿಕೊಳ್ಳಬೇಕಿದ್ದ ಅಜ್ಜನಿಗೆ ಎಂಬತ್ತಾರು ವರ್ಷ, ಚಮಚ ಎತ್ತಿದರೆ ಕೈ ನಡುಗುತ್ತಿತ್ತು.

ಅಜ್ಜನಿಗೊಬ್ಬ ಮೊಮ್ಮಗ ಇದ್ದಾನೆಂದು ಏಜೆಂಟ್ ಹೇಳಿರಲಿಲ್ಲ.

ಎಯಾಲ್. ಯುದ್ಧ ಶುರುವಾದಾಗ ಕರೆ ಬಂದು, ಓದು ಬಿಟ್ಟು ಸೈನ್ಯಕ್ಕೆ ಹೋದವ. ರಜೆಯಲ್ಲಿ ಬಂದಾಗ ಹೆಗಲ ಮೇಲೆ ಬಂದೂಕು ಹಾಗೇ ಇಟ್ಟುಕೊಂಡು ವಿನೋದಿನಿ ಮಾಡಿದ ನೀರುದೋಸೆ ತಿನ್ನುತ್ತಿದ್ದ ಫೋಟೋ ಅವಳೇ ಕಳಿಸಿದ್ದಳು. "ಪಾಪ, ಹಸಿದಿದ್ದ" ಎಂದು ಕೆಳಗೆ ಬರೆದಿದ್ದಳು. ಸುಹಾಸ ಆ 'ಪಾಪ'ವನ್ನು ಎಷ್ಟು ಸಲ ಓದಿದನೋ.

ಆಗೆಲ್ಲ ಅವಳಿಗೆ ಮಾತೇ ಮಾತು. "ಸೈರನ್ ಆದ್ರೆ ಇಡೀ ಬಿಲ್ಡಿಂಗ್ ಕೆಳಗಿನ ಶೆಲ್ಟರಿಗೆ ಇಳೀತದೆ. ಸರ್ಕಾರ ಬೀಳಬೇಕು ಅನ್ನೋರು, ಬೀಳಬಾರದು ಅನ್ನೋರು, ಎಲ್ಲ ಒಂದೇ ಬೆಂಚು. ಮೇಲೆ ಕ್ಷಿಪಣಿ, ಕೆಳಗೆ ಜಗಳ. ಒಬ್ಬಳ ತಮ್ಮ ಒತ್ತೆಯಾಳಾಗಿದ್ದಾನೆ, ಅವಳು ಬಾಯಿ ತೆರೆದರೆ ಮಾತ್ರ ಎಲ್ಲ ಸುಮ್ಮನಾಗ್ತಾರೆ."

"ನಿನ್ನ ಪಕ್ಕ ಯಾರು ಕೂರೋದು?" ಎಂದಿದ್ದ ಸುಹಾಸ.

ಎರಡು ತಿಂಗಳ ಹಿಂದೆ ಅವಳನ್ನು ವಾಪಸು ಕರೆಸಲು ಅವನು ಯಾರ್ಯಾರ ಕಾಲೋ ಹಿಡಿದು ವಿಮಾನದಲ್ಲಿ ಸೀಟು ಮಾಡಿಸಿದ. ಏರ್‌ಪೋರ್ಟಿಗೆ ಅವಳನ್ನು ಕರೆತರಲು ಹೊರಟು ನಿಂತಾಗ ಮೆಸೇಜು ಬಂತು: 'ನಾನು ಹತ್ತಲಿಲ್ಲ. ಅಜ್ಜನನ್ನು ಬಿಟ್ಟು ಹೇಗೆ ಬರಲಿ?'

ಅಜ್ಜನನ್ನಂತೆ.

ಅಂದಿನಿಂದಲೇ ಅವಳು ಬದಲಾದಳು. ಶೆಲ್ಟರಿನ ಕಥೆಗಳು ನಿಂತವು. ವಿಡಿಯೋ ನಿಂತಿತು, ನೆಟ್‌ವರ್ಕ್ ಇಲ್ಲವಂತೆ. ಫೋನ್ ಎತ್ತಿದರೂ ಮೂರು ನಿಮಿಷ, ಮತ್ತೆ ಏನೋ ಕೆಲಸ. ಹಿಂದೆ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ, ಅದು ಅಜ್ಜನ ಮನೆಯ ಸಬ್ಬತ್, ಯಹೂದಿಗಳ ವಿಶ್ರಾಂತಿಯ ದಿನ ಎಂದು ಅವಳೂ ಫೋನ್ ಮುಟ್ಟುತ್ತಿರಲಿಲ್ಲ. ಈಗ ಶನಿವಾರ ಮಧ್ಯಾಹ್ನವೂ ಆನ್‌ಲೈನ್. ಯಾರಿಗಾಗಿ ಆ ಮುದುಕನ ಕಟ್ಟಳೆಯನ್ನೂ ಮುರಿದಳು?

ಫೋನಿನಲ್ಲಿ ಆ ಕಡೆ ತಲೆಯ ಮೇಲೆ ವಿಮಾನ ಮೊರೆದು ಅವಳ ಮಾತು ಮುಳುಗಿಹೋಗುತ್ತಿತ್ತು. ಬಾಂಬ್ ಹಾಕುವ ವಿಮಾನಗಳ ಕೆಳಗೆ ನಿಂತೂ ಇವಳ ದನಿ ತಣ್ಣಗಿರುತ್ತಿತ್ತು. ಪಕ್ಕದಲ್ಲಿ ಧೈರ್ಯ ಹೇಳಲು ಯಾರೋ ಇದ್ದರೆ ತಾನೆ ಹಾಗೆ? ಹೋದ ವಾರವಂತೂ ಒಬ್ಬ ಗಂಡಸು ಅವಳ ಹತ್ತಿರವೇ "ಚಾಯ್?" ಎಂದದ್ದು ಸ್ಪಷ್ಟವಾಗಿ ಕೇಳಿಸಿತ್ತು. ಅವನಿಗೆ ಚಾಯ್ ಅನ್ನುವುದನ್ನೂ ಕಲಿಸಿಬಿಟ್ಟಿದ್ದಾಳೆ. ಸುಹಾಸ ಆ ದಿನ ಊಟ ಬಿಟ್ಟ.

ಈಗ ಅವನು ಫೋನ್ ಎತ್ತಿಕೊಂಡು ಹೋಟೆಲಿನ ಹಿಂದಿನ ಓಣಿಗೆ ಬಂದ. ಐದು ಸಲ ರಿಂಗಾಯಿತು. ಆರನೆಯದಕ್ಕೆ ಎತ್ತಿದಳು.

"ಹೇಳಿ."

"ಎಂತ ಶಬ್ದ ಅದು ಗಡಗಡ?"

"ಜನರೇಟರ್. ಊಟ ಆಯ್ತಾ ನಿಮ್ದು?"

"ನನ್ನ ಊಟ ಬಿಡು. ಅವನು ರಜೆ ಮೇಲೆ ಬಂದಿದ್ದಾನಾ?"

"ಯಾರು?"

"ದೋಸೆ ತಿನ್ನೋನು."

ಅವಳು ನಕ್ಕಳು. ಆ ನಗು ಕೇಳಿ ವರ್ಷಗಳಾಗಿದ್ದವು. ಅವನಿಗೆ ಇನ್ನೂ ಉರಿಯಿತು.

"ವಿನೋದಿನಿ, ವಾಪಸ್ ಬಾ. ಅಲ್ಲಿ ಸತ್ತುಹೋಗ್ತಿ."

"ಇಲ್ಲಿ ನನಗೆ ಭಯ ಇಲ್ಲ. ಎಷ್ಟೋ ವರ್ಷ ಆಯ್ತು ಹೀಗೆ ನಿದ್ದೆ ಮಾಡಿ."

"ಕ್ಷಿಪಣಿ ಬೀಳೋ ಊರಲ್ಲಿ ನಿದ್ದೆಯಾ?"

"ಕ್ಷಿಪಣಿ ಯಾರ ಜೊತೆ ಮಾತಾಡಿದೆ ಅಂತ ಕೇಳೋದಿಲ್ಲ. ಮೂರು ನಿಮಿಷ ತಡ ಆಯ್ತು ಅಂತ ಬಾಗಿಲಲ್ಲಿ ನಿಲ್ಲೋದಿಲ್ಲ."

ಅವನು ಉತ್ತರಿಸುವ ಮೊದಲೇ ಕೈಯಲ್ಲಿನ ಫೋನು ಕಿರುಚಿತು. ಅವಳಿಗಾಗಿಯೇ ಹಾಕಿಸಿಕೊಂಡಿದ್ದ ಕ್ಷಿಪಣಿ ದಾಳಿಯ ಎಚ್ಚರಿಕೆಯ ಆ್ಯಪ್. ಕೆಂಪು ಅಕ್ಷರದಲ್ಲಿ: ಹೈಫಾ.

"ಅಲ್ಲಾ, ಅಜ್ಜನಿಗೆ ಗಂಜಿ ಕೊಡುವ ಹೊತ್ತು..." ಅವಳು ಹೇಳುತ್ತಲೇ ಇದ್ದಳು.

"ಸೈರನ್ ಆಗ್ತಾ ಇದೆ ವಿನೋದಿನಿ! ಕೇಳಿಸ್ಲಿಲ್ವಾ?"

ಆ ಕಡೆ ಸೈರನ್ನಿನ ಸದ್ದೇ ಇಲ್ಲ. ಬರೀ ಗಡಗಡ.

"ಹಾಂ... ಈಗ ಕೇಳಿಸ್ತು. ಶೆಲ್ಟರಿಗೆ ಹೋಗ್ತೇನೆ. ಇಡ್ತೇನೆ."

ಅವಸರದಲ್ಲಿ ಕಟ್ ಮಾಡುವುದನ್ನು ಮರೆತು ಫೋನನ್ನು ಚೀಲಕ್ಕೆ ಹಾಕಿರಬೇಕು. ಬಟ್ಟೆ ಉಜ್ಜಿದ ಸದ್ದು. ಸುಹಾಸ ಉಸಿರು ಬಿಗಿಹಿಡಿದು ಫೋನನ್ನು ಕಿವಿಗೆ ಒತ್ತಿಕೊಂಡ. ಈಗ ಬರುತ್ತದೆ ಆ ಗಂಡಸಿನ ದನಿ. ಗಡಗಡ ನಿಧಾನವಾಯಿತು, ಬ್ರೇಕು ಕಿರಗುಟ್ಟಿತು.

ದನಿ ಬಂತು. ಗಂಡಸಿನದಲ್ಲ. ಮುಂಬಯಿಯ ಲೋಕಲ್‌ನಲ್ಲಿ ದಿನವೂ ಕೇಳುವ ಅದೇ ರೆಕಾರ್ಡ್ ಮಾಡಿದ ಹೆಂಗಸಿನ ದನಿ, ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ:

"ಅಗ್ಲಾ ಸ್ಟೇಷನ್, ಸಾಂತಾಕ್ರೂಜ್."