ಓದದ ಸಂಶೋಧನೆ

“ರಕ್ತದೊತ್ತಡದ ಮಾತ್ರೆ ನಿಲ್ಲಿಸಿ ಅಂತ ನಿಮಗೆ ಯಾರು ಹೇಳಿದ್ದು?” ಎಂದು ವೈದ್ಯೆ ಗದರಿದಾಗ, ಹಾಸಿಗೆಯಲ್ಲಿದ್ದ ಚಿಕ್ಕಮ್ಮ ಪಕ್ಕದಲ್ಲಿ ನಿಂತ ಅಕ್ಕನ ಮಗಳ ಕೈಯನ್ನು ಸುಮ್ಮನಿರು ಎಂಬಂತೆ ಅದುಮಿದರು. “ಯಾರೂ ಹೇಳಿಲ್ಲ ಡಾಕ್ಟ್ರೇ, ನನಗೇ ಮರೆತುಹೋಯ್ತು,” ಎಂದರು. ಅವರ ಬಾಯಿಯ ಒಂದು ಮೂಲೆ ಸೊಟ್ಟಗಾಗಿತ್ತು; ಮಾತು ತೊದಲುತ್ತಿತ್ತು.

ದಾಳಿಂಬೆ ರಸ ಕುಡಿದರೆ ಆ ಮಾತ್ರೆಯೇ ಬೇಡ ಎಂದು ಹೋದ ತಿಂಗಳು ಪತ್ರಿಕೆಯ ವಿಜ್ಞಾನ ಅಂಕಣದಲ್ಲಿ ಬರೆದವಳು ಈ ಅಕ್ಕನ ಮಗಳೇ. ಆ ಲೇಖನಕ್ಕೆ ಆಧಾರವಾದ ಪ್ರಯೋಗ ನಡೆದದ್ದು ಬರೀ ಇಲಿಗಳ ಮೇಲೆ ಎಂಬುದು ಅವಳಿಗೆ ಗೊತ್ತಾದದ್ದು ಇವತ್ತು, ಆಂಬುಲೆನ್ಸಿನಲ್ಲಿ ಕೂತು ಮೊದಲ ಬಾರಿಗೆ ಮೂಲ ಪ್ರಬಂಧವನ್ನು ತೆರೆದಾಗ.

“ನನ್ನ ಲೇಖನ ಓದಿ ನಿಲ್ಲಿಸಿದ್ರು ಡಾಕ್ಟ್ರೇ,” ಎಂದಳು, ತಲೆ ತಗ್ಗಿಸಿ.

ಚಿಕ್ಕಮ್ಮ ತಟ್ಟನೆ ಅಡ್ಡ ಬಂದರು. “ಅವಳದೇನೂ ತಪ್ಪಿಲ್ಲ. ಅಷ್ಟುದ್ದದ ಸಂಶೋಧನೆಗಳನ್ನೆಲ್ಲ ಓದಿ, ಒದ್ದಾಡಿ ಬರೀತಾಳೆ. ನನಗೇ ಸರಿಯಾಗಿ ಅರ್ಥ ಆಗಿಲ್ಲ.”

“ನಿಮಗೆ ಸರಿಯಾಗೇ ಅರ್ಥ ಆಗಿದೆ ಚಿಕ್ಕಮ್ಮ. ನಾನೇ ಓದಿರ್ಲಿಲ್ಲ. ಎಐ ಬರೆದುಕೊಟ್ಟಿದ್ದನ್ನ ಅಲ್ಲಿಲ್ಲಿ ತಿದ್ದಿ ನನ್ನ ಹೆಸರು ಹಾಕಿದೆ.”

ಚಿಕ್ಕಮ್ಮ ಅವಳ ಮುಖವನ್ನೇ ನೋಡಿದರು. ಅವರು ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ.

“ಮೇಲಿನ ಮನೆಯವರಿಗೂ ಹೇಳಿಬಿಟ್ಟಿದ್ದೀನಿ,” ಎಂದರು ಚಿಕ್ಕಮ್ಮ, ಗಾಬರಿಯಿಂದ. “ಮೊದಲು ಅವರಿಗೆ ಫೋನ್ ಮಾಡು, ಮಾತ್ರೆ ಬಿಡಬೇಡಿ ಅಂತ ಹೇಳು.”

ಅವಳು ಅವಸರದಿಂದ ಫೋನ್ ತೆಗೆದಳು.

“ನೀನೇ ಹೇಳ್ತಿರೋದು ಅನ್ಬೇಡ,” ಎಂದು ಚಿಕ್ಕಮ್ಮ ಮೆಲ್ಲಗೆ ಸೇರಿಸಿದರು. “ಡಾಕ್ಟ್ರು ಹೇಳಿದ್ರು ಅನ್ನು.”