ಮಾತಿನ ಹೆಪ್ಪು

ನಮ್ಮೂರಲ್ಲಿ ಭಾಷೆಗೂ ಹೆಪ್ಪು ಸಿಗುತ್ತದೆ. ಪುಟ್ಟತಾಯಮ್ಮನ ಗಡಿಗೆಯಿಂದ ಒಂದು ಚಮಚ ಮೊಸರು ತಿಂದರೆ ಕನ್ನಡ ಬರುತ್ತದೆ. ತಿಂದ ಮೇಲೆ ಬೇರೆ ಭಾಷೆ ಆಡಿದರೆ ಅದು ಹುಳಿ ಬಂದು ಮರೆತುಹೋಗುತ್ತದೆ.

ಇಂಗ್ಲೆಂಡಿನ ಮಾರ್ಟಿನ್ ಇವತ್ತೂ ಬಟ್ಟಲು ಹಿಡಿದು ಬಂದ.

“ಏನ್ಲಾ, ನೆನ್ನೆದೂ ಹುಳಿ ಬರಿಸ್ಕೊಂಡ್ಯಾ?” ಎನ್ನುತ್ತ ಪುಟ್ಟತಾಯಮ್ಮ ಬಡಿಸಿದಳು.

ತಿಂದವನಿಗೆ ಮಾತು ಬಂತು. “ಮಾದಪ್ಪನೋರ ಮನೇಗೆ ಹೆಣ್ ಕೇಳಕ್ಕೆ ಹೊಂಟಿವ್ನಿ ಕಣವ್ವ. ಕನ್ನಡದಲ್ಲೇ ಕೇಳ್ಬೇಕಂತೆ.”

“ಹಂಗಾರೆ ದಾರೀಲಿ ಇಂಗ್ಲಿಷ್ ಆಡ್ಬೇಡ.”

ಅವನು ಎಲ್ಲರಿಗೂ ನಮಸ್ಕಾರವೆಂದೇ ಹೇಳಿದ. ಅಂಗಡಿಯವನು, ಮೇಷ್ಟ್ರು, ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವಳು, ಒಬ್ಬೊಬ್ಬರೂ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲೇ ಕ್ಷೇಮ ವಿಚಾರಿಸಿದರು. ಮರ್ಯಾದೆಗೆ ಅವನೂ ಹಾಗೆಯೇ ಉತ್ತರಿಸಿದ. ಮಾದಪ್ಪನವರ ಜಗಲಿ ಹತ್ತುವಾಗ ನಾಲಗೆಯ ಮೇಲೆ ಒಂದು ಕನ್ನಡ ಪದವೂ ಉಳಿದಿರಲಿಲ್ಲ.

ಕನ್ನಡ ಬಾರದವನಿಗೆ ಮಗಳನ್ನು ಕೊಡುವುದಿಲ್ಲವೆಂದು ಮಾದಪ್ಪನವರು ಬಹಳ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿ ಕಳಿಸಿದರು.