ಮೂವರು ಅಣ್ಣಂದಿರು

‘ನಿನ್ನ ಮೂವರು ಅಣ್ಣಂದಿರಿಗೂ ಫೋಟೋ ಹೋಗಿದೆ. ಸಂಜೆಯೊಳಗೆ ದುಡ್ಡು ಬರದಿದ್ದರೆ ಮುಂದಿನದು ನಿಮ್ಮಪ್ಪನಿಗೆ.’

ದೋಣಿಯ ಸಾಮಾನು ಇಡುವ ಕೊಟ್ಟಿಗೆಯಲ್ಲಿ ಕೂತು ಗಾಳಕ್ಕೆ ಮೀನಿನ ತುಂಡು ಚುಚ್ಚುತ್ತಿದ್ದ ಸ್ತಾರಿ ಆ ಸಂದೇಶವನ್ನು ಎರಡು ಸಲ ಓದಿದ. ಭಯ ಆಮೇಲೆ ಬಂತು. ಮೊದಲು ಬಂದದ್ದು ಗೊಂದಲ. ಅವನಿಗೆ ಅಣ್ಣಂದಿರೇ ಇಲ್ಲ. ಇರುವವಳು ಒಬ್ಬ ಅಕ್ಕ.

ಗಂಡಸರು ಗಂಡಸರನ್ನು ಹುಡುಕಿಕೊಳ್ಳುವ ಆ್ಯಪಿನಲ್ಲಿ, ಮಾಟ್ಸ್ ಎಂದು ಹೆಸರು ಹೇಳಿಕೊಂಡವನ ಜೊತೆ ಹದಿನೈದು ದಿನ ಹರಟಿದ್ದ. ಅವನು ಕೇಳಿದನೆಂದು ಬೆತ್ತಲೆ ಫೋಟೋ ಕಳಿಸಿದ್ದ, ಮುಖ ಸಮೇತ. ಮರುಕ್ಷಣವೇ ಮಾಟ್ಸನ ಧಾಟಿ ಬದಲಾಗಿತ್ತು: ಮೂರು ಲಕ್ಷ ಕ್ರೋನಾ, ಇಲ್ಲವೇ ಮನೆಯವರಿಗೆಲ್ಲ ಫೋಟೋ. ಗಂಡಸು ಗಂಡಸನ್ನು ಮೆಚ್ಚುವುದು ಊರಿಗೆ ಹೊಸದೇನಲ್ಲ; ಶಾಲೆಯ ಗಣಿತದ ಮೇಷ್ಟ್ರು ತನ್ನ ಗಂಡನ ಜೊತೆ ಈಜುಕೊಳಕ್ಕೆ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಸ್ತಾರಿ ಅಪ್ಪನ ಜೊತೆ ಒಂದೇ ದೋಣಿಯಲ್ಲಿ ದುಡಿಯುವವನು. ಎಂಟು ವರ್ಷದಿಂದ ಹೇಳಬೇಕೆಂದು ಬಾಯಿ ತೆರೆದು, ಗಾಳಿಯ ದಿಕ್ಕಿನ ಬಗ್ಗೆ ಏನೋ ಹೇಳಿ ಮುಚ್ಚಿಕೊಂಡಿದ್ದ.

ಸಂದೇಶದ ಕೆಳಗೆ ಮೂರು ಹೆಸರುಗಳಿದ್ದವು. ಮೂವರೂ ಅವನ ಹಾಗೇ ಕೇತಿಲ್‌ಸನ್. ಸ್ತಾರಿಗೆ ಥಟ್ಟನೆ ಹೊಳೆದು ನಗುವೇ ಬಂತು. ಐಸ್‌ಲ್ಯಾಂಡಿನಲ್ಲಿ ಮನೆತನದ ಹೆಸರು ಯಾರಿಗಿದೆ? ಕೇತಿಲ್ ಎಂಬವನ ಮಗ ಕೇತಿಲ್‌ಸನ್, ಅಷ್ಟೇ. ದ್ವೀಪದಲ್ಲಿ ಕೇತಿಲ್‌ಗಳಿಗೇನು ಬರವೇ? ಎಲ್ಲೋ ಕೂತಿದ್ದ ಮಾಟ್ಸ್ ಯಾರ್‍ಯಾರದೋ ಮಕ್ಕಳನ್ನು ತಂದು ಒಂದೇ ಬಸಿರಿಗೆ ಸೇರಿಸಿದ್ದ. ಅಕ್ಕ ಕೇತಿಲ್ಸ್‌ದೋತ್ತಿರ್, ಅಂದರೆ ಕೇತಿಲ್‌ನ ಮಗಳು; ಹಾಗಾಗಿ ಬಚಾವಾಗಿದ್ದಳು. ಅಪ್ಪ ತಾತನ ಹೆಸರು ಹೊತ್ತು ಕೇತಿಲ್ ಓರ್ಮ್‌ಸನ್ ಆಗಿದ್ದರಿಂದ ಇನ್ನೂ ಸಿಕ್ಕಿರಲಿಲ್ಲ. ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಗುರುತಿಲ್ಲದ ಮೂವರು ಅವನನ್ನು ಬೆತ್ತಲೆ ನೋಡಿದ್ದರು.

ಫೋನ್ ಬಡಿದುಕೊಂಡಿತು.

“ಸ್ತಾರಿಯಾ? ನಾನು ಹ್ರೆಗ್ವಿದುರ್. ನಿನ್ನ ಅಣ್ಣನಂತೆ ಮಾರಾಯ, ನಂಗೇ ಇವತ್ತು ಗೊತ್ತಾಯ್ತು!” ಆ ಕಡೆಯಿಂದ ಗಟ್ಟಿ ನಗು. “ಫೋಟೋ ಅಳಿಸಿಬಿಟ್ಟೆ. ಬಿಡಿಗಾಸೂ ಕೊಡ್ಬೇಡ, ಒಂದ್ಸಲ ಕೊಟ್ರೆ ನಾಳೆ ಮತ್ತೆ ಕೇಳ್ತಾನೆ. ಅವನು ಬರೆದಿದ್ದೆಲ್ಲ ಹಾಗೇ ಇಟ್ಕೊಂಡು ಪೊಲೀಸರಿಗೆ ತೋರಿಸು. ನಾನಂತೂ ಆಗ್ಲೇ ತೋರಿಸಿಯಾಯ್ತು.”

ಎರಡನೆಯ ಅಣ್ಣ ಒಂದೇ ಸಾಲು ಬರೆದಿದ್ದ: ‘ಅಳಿಸಿದೆ. ಹೆದರಬೇಡ.’ ಸ್ತಾರಿ ಅದನ್ನೇ ನೋಡುತ್ತ ಕೂತಿದ್ದಾಗ ಮತ್ತೆ ಫೋನ್ ಬಂತು. ಈ ಸಲ ಮುದಿ ದನಿ; ಅದರ ಹಿಂದೆ ಕುರಿಗಳ ಅರಚಾಟ.

“ನಾನು ಬೌರ್ದುರ್, ಪೂರ್ವದ ಕಡೆಯವನು. ಎಪ್ಪತ್ತೊಂಬತ್ತಾಯ್ತು. ನಿನ್ನ ನಂಬರು ಹುಡುಕಿಕೊಟ್ಟಿದ್ದು ಪಕ್ಕದ ಮನೆಯವಳು. ಫೋನೂ ಅವಳದೇ.”

“ನಿಮ್ಮ ಫೋನು?”

“ಅಳಿಸೋದು ಹೇಗೆ ಅಂತ ಗೊತ್ತಾಗ್ಲಿಲ್ಲ ತಮ್ಮಾ. ಹೊಳೆಗೆ ಎಸೆದೆ.”

ಆ ಸೀಮೆಯ ಹೊಳೆಗಳನ್ನು ಸ್ತಾರಿ ಕಂಡಿದ್ದ: ಹಿಮನದಿ ಕರಗಿ ಬಂದ ಬೂದುನೀರು, ಬಂಡೆಗಳನ್ನೇ ಉರುಳಿಸಿಕೊಂಡು ಸಮುದ್ರಕ್ಕೆ ನುಗ್ಗುವಂಥದು. ಯಾರೋ ಒಬ್ಬ ಮುದುಕ, ಯಾರೋ ಒಬ್ಬನ ಮಾನಕ್ಕಾಗಿ, ಅದರ ದಡದವರೆಗೆ ನಡೆದುಹೋಗಿದ್ದ.

“ನಂಗೆ ಒಡಹುಟ್ಟಿದ ತಮ್ಮ ಒಬ್ಬ ಇದ್ದ,” ಎಂದಿತು ದನಿ. “ನಿನ್ನ ಹಾಗೇ. ಎಪ್ಪತ್ತಾರನೇ ಇಸವಿಲಿ ಅವನ ಗುಟ್ಟು ಬರೆದ, ಹೆಸರಿಲ್ಲದ ಕಾಗದ ಒಂದು ಬಂತು. ಒಡೆದು ಓದಿ ಅಪ್ಪನ ಕೈಗೆ ಕೊಟ್ಟೆ. ನಾನೇ ಕೊಟ್ಟೆ. ತಮ್ಮ ಕೋಪನ್‌ಹೇಗನ್ನಿಗೆ ಹೋದ. ಅಲ್ಲೇ ತೀರ್ಕೊಂಡ. ನೀನು ನಿಮ್ಮಪ್ಪನಿಗೆ ಹೇಳಿದ್ದೀಯಾ?”

“ಇಲ್ಲ.”

“ಆ ಕಳ್ಳ ಹೇಳೋಕೆ ಮುಂಚೆ ನೀನೇ ಹೇಳು. ಫೋನ್ ಇಡ್ಬೇಡ. ನಾನು ಮಧ್ಯೆ ಬಾಯಿ ಹಾಕಲ್ಲ, ಸುಮ್ನೆ ಇರ್ತೀನಿ. ಅವತ್ತು ನನ್ನ ತಮ್ಮನ ಪಕ್ಕದಲ್ಲಿ ಯಾರೂ ನಿಲ್ಲಲಿಲ್ಲ.”

ಅಷ್ಟರಲ್ಲಿ ಅಪ್ಪ ಕೇತಿಲ್ ಒಳಬಂದ. ಯಥಾಪ್ರಕಾರ ಬಾಗಿಲು ಹಾಕಲಿಲ್ಲ. ಮಳೆಯಿರಲಿ ಹಿಮವಿರಲಿ, ಮೀನಿನ ವಾಸನೆ ಹೋಗಲೆಂದು ಆ ಕೊಟ್ಟಿಗೆಯ ಬಾಗಿಲನ್ನು ತೆರೆದೇ ಬಿಡುವುದು ಅವನ ರೂಢಿ. “ಮಧ್ಯಾಹ್ನದಿಂದ ಒಂದು ತೊಟ್ಟಿ ಗಾಳಕ್ಕೂ ಮೀನು ಚುಚ್ಚಿ ಮುಗಿದಿಲ್ಲ! ಯಾರ ಜೊತೇನೋ ಹರಟೆ?”

“ಅಣ್ಣನ ಜೊತೆ.”

“ನಂಗೇ ಗೊತ್ತಿಲ್ಲದ ಮಗ ಯಾವನಪ್ಪ ಅವನು?”

“ಕೂತ್ಕೋ ಅಪ್ಪ.” ಸ್ತಾರಿ ಫೋನಿನ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ. ತಲೆಯೆತ್ತದೆ ಎಲ್ಲವನ್ನೂ ಹೇಳಿದ: ತಾನು ಎಂಥವನೆಂಬುದು, ಫೋಟೋ, ಮಾಟ್ಸ್, ಹೊಳೆ, ಆ ಹಳೆಯ ಕಾಗದ. ತಾನು ಹೇಳುತ್ತಿದ್ದೇನೆಂದು ಅವನಿಗೇ ನಂಬಿಕೆ ಬರಲಿಲ್ಲ. ಮುಗಿದಾಗ ತೆರೆದ ಬಾಗಿಲಿನಿಂದ ತೂರಿಬಂದ ಹಿಮದ ಪುಡಿ ಮೀನಿನ ತುಂಡುಗಳ ಮೇಲೆ ಬೆಳ್ಳಗೆ ಕೂತಿತ್ತು.

ಕೇತಿಲ್ ಮಗನನ್ನು ನೋಡಲಿಲ್ಲ. ಫೋನಿನತ್ತ ಬಾಗಿ ಕೇಳಿದ:

“ಆಮೇಲೆ ನಿಮ್ಮಪ್ಪ ಏನು ಮಾಡಿದ್ರು?”

“ಬಾಗಿಲು ತೆಗೆದು ನಿಂತ್ರು,” ಎಂದ ಬೌರ್ದುರ್. “ಹಿಮ ಸುರೀತಿತ್ತು.”

ಕೇತಿಲ್ ಎದ್ದು ಬಾಗಿಲ ಬಳಿ ಹೋದ. ಸ್ತಾರಿ ಕೈಯಲ್ಲಿದ್ದ ಗಾಳವನ್ನು ಕೆಳಗಿಟ್ಟು ಕಾದ. ವರ್ಷಗಳಿಂದ ಅಲುಗದ ಕೀಲು ಕಿರುಗುಟ್ಟಿತು. ಅಪ್ಪ ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು, ಮೈಭಾರವೆಲ್ಲ ಹಾಕಿ, ಒಳಗಿನಿಂದ ಎಳೆದು ಮುಚ್ಚುತ್ತಿದ್ದ.